ಬೆನ್ನು ಮಾಡಿ ಕೂತವಳು

ಪ್ರೀತಿಯ ಅಕ್ಕನಿಗೆ,

ಒಂದು ಘೋರ ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ: ನಿನ್ನ ಟಿಕೆಟ್ಟು ಕದ್ದು, ನಿನ್ನ ಮೆಚ್ಚಿನ ನಿರ್ದೇಶಕನ ಸಿನಿಮಾ ನೋಡಿಬಂದೆ. ನಿನಗೆ ಆತ ಮಹಾನುಭಾವ, ನನಗೆ ಕಹಿ ಅನುಭವ. ತೆರೆಯ ಮೇಲೆ ಒಬ್ಬ ಹೆಂಗಸು ಸಿನಿಮಾ ಉದ್ದಕ್ಕೂ ನಮಗೆ ಬೆನ್ನು ಮಾಡಿ ಕೂತಿರುತ್ತಾಳೆ. ಮುಗಿದ ಮೇಲೆ ಅರ್ಧ ಜನ, "ಕೊನೇಲಿ ತಿರುಗಿದ್ಳು ಕಣ್ರೀ, ನನ್ನನ್ನೇ ನೋಡಿದ್ಳು!" ಎಂದು ನಡುಗುತ್ತಿದ್ದರು. "ತಿರುಗಿದ್ದು ನಿಮ್ಮ ತಲೆ!" ಎಂದು ನಾನು ಎದ್ದು ನಿಂತು ವಾದಿಸಿ ಗೆದ್ದೆ.

ಈಗ ಎದುರಿನ ಖಾಲಿ ಮನೆಯ ಕಿಟಕಿಯಲ್ಲಿ ಯಾರೋ ಬೆನ್ನು ಮಾಡಿ ಕೂತಿದ್ದಾರೆ. ಭಾವನನ್ನು ಎರಡು ದಿನ ಕಳಿಸು, ಜೊತೆಗೆ ಒಂದು ದಪ್ಪ ಪರದೆಯನ್ನೂ. ಅವಳು ತಿರುಗಿದರೆ ಏನಾಗುತ್ತದೆಂದು ನನಗೆ ಗೊತ್ತಿಲ್ಲ ಅಕ್ಕಾ. ಸಿನಿಮಾದ ಕೊನೆಗೆ ನಾನು ಕಣ್ಣು ಮುಚ್ಚಿಕೊಂಡಿದ್ದೆ.

ನಿನ್ನ ತಮ್ಮ