ಹಾಡು ಎತ್ತಿಕೊಡುವವನೇ ಇಲ್ಲ

ಮಾರ್ಚ್ 9, ಭಾನುವಾರ. ಕಾಪು.

ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಕೈಗೆ ಸೊಸೆ ವಿನೋದಾ ಪೆನ್ನು ಕೊಟ್ಟಿದ್ದಾಳೆ. "ಬೊಬ್ಬೆ ಹಾಕಿದರೆ ಬಿಪಿ ಏರುತ್ತದೆ ಮಾವ, ಬರೆದುಬಿಡಿ." ಬರೆದರೆ ಸಿಟ್ಟು ಇಳಿಯುತ್ತದಂತೆ. ಇಳಿದದ್ದು ನನಗಂತೂ ಕಾಣುವುದಿಲ್ಲ.

ಗಂಟಲಿನ ಆಪರೇಷನ್ ಆದ ಮೇಲೆ ನನ್ನ ಗೆಳೆಯ ದೇವದಾಸನಿಗೆ ಸ್ವರವೇ ಇಲ್ಲ. ಕಡಲಿನಿಂದ ದಂಡೆಗೆ ರಂಪಣಿ ಬಲೆ ಎಳೆಯುವಾಗ ಹಾಡು ಎತ್ತಿಕೊಡುತ್ತಿದ್ದವನು ಅವನು. ನಾವು ನಲವತ್ತು ಜನ ಓಗೊಟ್ಟು ಹಗ್ಗ ಎಳೆಯುತ್ತಿದ್ದೆವು. ಹತ್ತು ವರ್ಷದ ಹಿಂದೆ ಅವನಿಗೊಂದು ನಮಗೊಂದು ಮೈಕು ಇಟ್ಟು ರೆಕಾರ್ಡ್ ಮಾಡಿದ ಆ ಹಾಡು ನನ್ನ ಸಣ್ಣ ಪ್ಲೇಯರಿನಲ್ಲಿ ಉಂಟು. ಇಯರ್‌ಫೋನ್ ಹಾಕಿದರೆ ಎಡಕಿವಿಯಲ್ಲಿ ನಾವು, ಬಲಕಿವಿಯಲ್ಲಿ ಅವನು.

ಅವನ ಸ್ವರವನ್ನು ಅವನಿಗೇ ದೊಡ್ಡದಾಗಿ ಕೇಳಿಸಬೇಕೆಂದು ಇವತ್ತು ಮನೆಗೆ ಕರೆದೆ. ಕಟಪಾಡಿಯ ಟಿವಿ ಅಂಗಡಿಯ ಸುಕೇಶ ಬಂದು ಪ್ಲೇಯರನ್ನು ಹೋಮ್ ಥಿಯೇಟರಿಗೆ ಜೋಡಿಸಿದ. ಐದು ಸ್ಪೀಕರಿನಲ್ಲೂ ನಾವು ಓಗೊಟ್ಟದ್ದು ಮಾತ್ರ ಕೇಳಿಸಿತು.

"ರೆಕಾರ್ಡಿಂಗೇ ಹಾಗೆ ಉಂಟು ಅಜ್ಜ, ಹಳತಲ್ವಾ" ಎಂದ.

"ನಿನ್ನ ವಯರು ಒಂದೇ ಕಿವಿಯದ್ದು ಮಾರಾಯ, ಬದಲಿಸು."

"ನಿಮಗೆ ಎಂತ ಗೊತ್ತು ಇದರದ್ದು?" ಎನ್ನುತ್ತಾ ಬೈಕು ಹತ್ತಿದ.

ಅಷ್ಟು ಹೊತ್ತೂ ದೇವದಾಸ, ತಾನು ಹಾಡಬೇಕಾದ ಖಾಲಿ ಜಾಗಗಳಲ್ಲೆಲ್ಲ ಸರಿಯಾಗಿ ತುಟಿ ಆಡಿಸುತ್ತಾ ಕೂತಿದ್ದ. ಆಮೇಲೆ ನನ್ನ ಮುಖ ನೋಡಿದ. ನನಗೆ ಅವನನ್ನು ನೋಡಲಿಕ್ಕೆ ಆಗಲಿಲ್ಲ. ಆ ವಯರನ್ನು ಕಿತ್ತು ಅಂಗಳಕ್ಕೆ ಬಿಸಾಡಿದೆ.

ಹದಿನಾಲ್ಕನೇ ತಾರೀಕಿಗೆ ದೇವದಾಸ ಮಗಳ ಜೊತೆ ಮುಂಬೈಗೆ ಹೋಗುತ್ತಾನೆ, ಇನ್ನು ಬರುವುದಿಲ್ಲ. ಸುಕೇಶ, ಎರಡೂ ಕಿವಿಯ ವಯರು ತರುತ್ತೀಯೋ ಇಲ್ಲವೋ, ಹನ್ನೆರಡನೇ ತಾರೀಕು ಬುಧವಾರದೊಳಗೆ ನನಗೆ ಹೇಳಬೇಕು.