ಗೋಪುರಕ್ಕೆ ಬೇಡವಾದ ತಾಮ್ರದ ಕಂಬಿ

ಮನೆಯಿಂದ,
ಮೇ ೧೪, ಗುರುವಾರ

ಪ್ರೀತಿಯ ಅಕ್ಕಾ,

ನೀನು ಎಲ್ಲ ಗೊತ್ತಿದ್ದೂ ಜಾರಿಕೊಂಡೆ. ಅದರಿಂದ ಅಪ್ಪನ ಕೈ ಸುಟ್ಟಿತು. ಕ್ಷೇಮ ಸಮಾಚಾರಕ್ಕೆ ಮೊದಲೇ ಇದನ್ನು ಬರೆದದ್ದಕ್ಕೆ ಬೇಸರವಾದರೆ ಆಗಲಿ. ಈಗ ಕೇಳುತ್ತೇನೆ: ನಿನ್ನ ಮಂಡಿನೋವು ಹೇಗಿದೆ? ಕಾನ್ವೆಂಟಿನ ತಣ್ಣನೆಯ ನೆಲದಲ್ಲಿ ಮೊಣಕಾಲೂರುವಾಗ ಕೆಳಗೊಂದು ಮಡಿಸಿದ ಬಟ್ಟೆ ಹಾಕಿಕೋ ಎಂದಿದ್ದೆ. ಹಾಕಿಕೊಳ್ಳುತ್ತೀ ತಾನೇ? ಅಷ್ಟಕ್ಕೆಲ್ಲ ವಿಶ್ವಾಸ ಕರಗಿಹೋಗುವುದಿಲ್ಲ.

ಸೋಮವಾರ ಸಂಜೆ ಗುಡುಗು ಶುರುವಾದ ಕೂಡಲೇ ಅಪ್ಪ ಎಂದಿನಂತೆ ಕೈಯಲ್ಲಿದ್ದ ಚಹಾದ ಲೋಟ ಬಿಟ್ಟು ಚರ್ಚಿಗೆ ಓಡಿದ. ಗಂಟೆ ಬಾರಿಸಿದರೆ ಸಿಡಿಲು ಊರು ಬಿಟ್ಟು ಹೋಗುತ್ತದೆ ಎಂದು ಅವನಿಗೆ ಅವನಪ್ಪ ಹೇಳಿದ್ದು. ಊರಿಗೆಲ್ಲ ಎತ್ತರದ ಗೋಪುರ, ಅದರ ತುದಿಗೆ ಕಬ್ಬಿಣದ ಶಿಲುಬೆ, ಅದರ ಕೆಳಗೆ ಗಂಟೆ, ಗಂಟೆಗೆ ಒದ್ದೆ ಹಗ್ಗ, ಹಗ್ಗ ಹಿಡಿದುಕೊಂಡು ನಮ್ಮಪ್ಪ. ಸಿಡಿಲು ಶಿಲುಬೆಗೇ ಬಡಿಯಿತು. ನಾನು ಹೋಗಿ ನೋಡಿದಾಗ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ; ಅಂಗೈಯ ಚರ್ಮ ಹಗ್ಗಕ್ಕೆ ಅಂಟಿತ್ತು. ಕಣ್ಣು ಬಿಟ್ಟವನು ಮೊದಲು ಕೇಳಿದ್ದು, ‘ಗಂಟೆ ನಿಂತೋಯ್ತಾ?’

ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಫಾದರ್ ಮನೆಗೆ ಬಂದು, ಬದುಕಿ ಉಳಿದದ್ದು ಪವಾಡ ಎಂದರು. ಭಾನುವಾರದ ಪೂಜೆಯಲ್ಲಿ ಮಾಡುವ ಪ್ರಸಂಗದಲ್ಲೂ ಅದನ್ನೇ ಹೇಳುತ್ತಾರಂತೆ. ಹಿಂದೆ ನಿಂತಿದ್ದ ಚರ್ಚ್ ಸಮಿತಿಯ ಕಾರ್ಯದರ್ಶಿ, ಅದೇ ಹೆಂಚಿನಂಗಡಿಯವನು, ತಲೆದೂಗಿದ. ಅವನ ಮೂರಂತಸ್ತಿನ ಮನೆಯ ಮೇಲೆ ಸಿಡಿಲನ್ನು ನೆಲಕ್ಕಿಳಿಸುವ ತಾಮ್ರದ ಕಂಬಿ ಇದೆ. ನಮ್ಮ ಅಂಗಳದಿಂದಲೇ ಕಾಣುತ್ತದೆ. ಗೋಪುರಕ್ಕೂ ಒಂದು ಹಾಕಿಸಿ ಎಂದು ಕಳೆದ ತಿಂಗಳು ಸಭೆಯಲ್ಲಿ ನಾನು ಕೇಳಿದಾಗ, ‘ದೇವರ ಮನೆಗೆ ಕಾವಲು ಹಾಕೋಕೆ ನೀನ್ಯಾರಮ್ಮ? ಕರಪತ್ರ ಓದಿ ಓದಿ ತಲೆ ಕೆಟ್ಟಿದೆ ಈ ಹುಡುಗೀಗೆ’ ಎಂದವನು ಅವನೇ. ಹೌದು, ಮುದ್ರಣಾಲಯದಲ್ಲಿ ಕರಪತ್ರ ಮಡಚುವುದು ನನ್ನ ಕೆಲಸ, ಮಡಚುತ್ತಾ ಓದುತ್ತೇನೆ. ದೇವರೇ ಇಲ್ಲ ಎನ್ನುವ ಕರಪತ್ರವನ್ನೂ ಓದಿದ್ದೇನೆ. ಅದನ್ನು ಬರೆದವನ ಜಂಬವೂ ಈ ಕಾರ್ಯದರ್ಶಿಯ ಭಕ್ತಿಯಷ್ಟೇ ನಾರುತ್ತದೆ.

ಆದರೆ ಹೆಚ್ಚಿನ ಅಸಹ್ಯ ನಿನ್ನ ಮೇಲೆ, ಅಕ್ಕಾ. ‘ಸಿಸ್ಟರ್, ನೀವು ಸೈನ್ಸ್ ಟೀಚರು, ನೀವೇ ಹೇಳಿ’ ಎಂದು ಆ ಸಭೆಯಲ್ಲೇ ಎಲ್ಲರೂ ನಿನ್ನನ್ನು ಕೇಳಿದರಲ್ಲ. ನೀನು ಎದ್ದು, ಕೈ ಕಟ್ಟಿ ನಿಂತು, ‘ವಿಜ್ಞಾನಕ್ಕೆ ಒಂದು ಕೋಣೆ, ವಿಶ್ವಾಸಕ್ಕೆ ಇನ್ನೊಂದು ಕೋಣೆ, ಎರಡೂ ಜಗಳ ಆಡಬೇಕಾಗಿಲ್ಲ’ ಎಂದೆ. ಎಂಥ ನಯವಾದ ಮಾತು! ಚಪ್ಪಾಳೆ ಬಿತ್ತು. ಸಿಡಿಲು ಬಡಿದಾಗ ಅಪ್ಪ ಯಾವ ಕೋಣೆಯಲ್ಲಿದ್ದ? ನಾನು ಚಿಕ್ಕವಳಿದ್ದಾಗ ದೀಪ ಆರಿಸಿ, ಉಣ್ಣೆಯ ಕಂಬಳಿ ಉಜ್ಜಿ ಕಿಡಿ ತೋರಿಸುತ್ತಿದ್ದೆಯಲ್ಲ, ‘ಇದು ಸಿಡಿಲಿನ ಮರಿ ಕಣೇ, ದೇವರ ಕೈಚಳಕ ನೋಡು’ ಎಂದು. ಆಗ ಇದ್ದದ್ದು ಒಂದೇ ಕೋಣೆ. ನಾನು ಈಗಲೂ ಅಲ್ಲೇ ಕೂತು ಪ್ರಾರ್ಥನೆ ಮಾಡುತ್ತೇನೆ. ಸಿಡಿಲನ್ನು ಮಾಡಿದವನೇ ತಾಮ್ರಕ್ಕೆ ಅದರ ಗುಣ ಕೊಟ್ಟದ್ದು. ಅದನ್ನು ಬಳಸಿದರೆ ಅವನಿಗೇಕೆ ಅವಮಾನ? ಬೈಬಲಿನಲ್ಲಿ ಪ್ರಭುವನ್ನು ದೇವಾಲಯದ ತುದಿಗೆ ಹತ್ತಿಸಿ, ಹಾರು, ದೇವದೂತರು ಹಿಡಿಯುತ್ತಾರೆ ಎಂದವನು ಸೈತಾನ. ದೇವರನ್ನು ಪರೀಕ್ಷಿಸಬಾರದು ಎಂದು ಹಾರಲು ಒಪ್ಪದವನು ನಮ್ಮ ಪ್ರಭು. ಅಪ್ಪನನ್ನು ಆ ಹಗ್ಗಕ್ಕೆ ಬಿಟ್ಟು ಕೂತವರು ಯಾರ ಕಡೆಯವರು, ನೀನೇ ಹೇಳು.

ಅಮ್ಮ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿದಳು. ಕಾನ್ವೆಂಟಿನ ಹಿರಿಯರಿಗೆ ನನ್ನ ವಂದನೆ. ದೇವರು ನಿನ್ನ ಮಂಡಿಗೆ ಬಲ ಕೊಡಲಿ, ನಾಲಿಗೆಗೂ ಕೊಡಲಿ.

ಇಷ್ಟಾದರೂ ನಿನ್ನ,
ತಂಗಿ

ತಾ. ಕ.: ಬ್ರೆಡ್ಡಿನ ವ್ಯಾನಿನವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ನಾಳೆಯೇ ನಿನಗೆ ತಲುಪಿಸುತ್ತಾನಂತೆ. ನಿನ್ನೆ ಅಪ್ಪ ಗಂಟೆಯ ಹಗ್ಗದ ತುದಿಗೆ ಕುಣಿಕೆ ಹಾಕಿಸಿ ಬಂದಿದ್ದಾನೆ. ಬೆರಳು ಮಡಚಲು ಆಗುವುದಿಲ್ಲವಲ್ಲ, ಮುಂದಿನ ಗುಡುಗಿಗೆ ಅದನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡು ಎಳೆಯುತ್ತಾನಂತೆ. ನಾನು ಕಾಲು ಹಿಡಿದೆ, ಅಮ್ಮ ಅತ್ತಳು. ‘ಓದಿದೋಳು ದೊಡ್ಡೋಳು. ಅವಳು ಬೇಡ ಅಂದ್ರೆ ಬಿಡ್ತೀನಿ. ಅವಳು ಬೇಡ ಅನ್ಲೇ ಇಲ್ವಲ್ಲ’ ಎನ್ನುತ್ತಾನೆ. ಗೋಪುರದ ಬೀಗದ ಕೈ ಸದ್ಯಕ್ಕೆ ನಾನು ಬಚ್ಚಿಟ್ಟಿದ್ದೇನೆ. ಭಾನುವಾರ ಪೂಜೆಗೆ ಗಂಟೆ ಹೊಡೆಯಲು ಕೊಡಲೇಬೇಕು. ಫಾದರ್ ಬಾಯಿ ತೆರೆಯುವ ಮೊದಲು ನೀನು ತೆರೆಯಬೇಕು, ಅಪ್ಪನ ಎದುರೇ. ಭಾನುವಾರ ಬೆಳಿಗ್ಗೆ ಏಳು ಗಂಟೆ, ಗೋಪುರದ ಬಾಗಿಲಲ್ಲಿ.