ಸಾರಿಸಲಾಗದ ಒಲೆ

ಕೆಂಭಾವಿ, ೧೯೫೫

ಅತ್ತೆಯವರ ಪಾದಗಳಿಗೆ ನಮಸ್ಕಾರ.

ನಿಮ್ಮ ಮಗ ಹೈದರಾಬಾದಿನಿಂದ ತಂದ ಚಿಮಣಿ ಎಣ್ಣೆಯ ಸ್ಟೋವನ್ನು ನೀವು ಊರಿಗೆ ಹೊರಡುವ ಮುಂಜಾನೆ ಮಣ್ಣಿನ ಒಲೆಯಂತೆಯೇ ಸೆಗಣಿಯಿಂದ ಸಾರಿಸಿ ಹೋದಿರಿ. ತೂತುಗಳಲ್ಲೆಲ್ಲ ಸೆಗಣಿ ಒಣಗಿ ಕೂತಿತ್ತು. ತೂತು ಬಿಡಿಸಲು ಹೋಗಿ ಎರಡು ಪಿನ್ನು ಮುರಿದ ಮೇಲೆ ಉರಿ ಬಂತು.

ಈಗ "ಸಾರಿಸಾಕ ಬರಲಾರದ ಒಲಿ ಮನ್ಯಾಗ ಇರಬಾರ್ದು, ತಿರುಗಿ ಕೊಟ್ಟು ಬಾ" ಎಂದು ಅವರಿಗೆ ಹೇಳಿ ಕಳಿಸಿದ್ದೀರಂತೆ. ಕೊಡುವುದಿಲ್ಲ. ಹೊಗೆಯಲ್ಲಿ ಊದಿ ಊದಿ ನಿಮ್ಮ ಕಣ್ಣು ಮಂಜಾಗಿದೆ. ನನ್ನ ಕಣ್ಣು ನನಗೆ ಬೇಕು.

ಮುಂದಿನ ಸಂತೆಗೆ ಬನ್ನಿ, ಇದರ ಮೇಲೆಯೇ ಚಹಾ ಮಾಡಿ ಕೊಡುತ್ತೇನೆ. ಸೊಸೆ ಮಾತು ಮೀರಿದಳು ಎನ್ನಬೇಡಿ. ಮೂಲೆಯ ಮಣ್ಣಿನ ಒಲೆಯನ್ನು ದಿನಾ ಸಾರಿಸಿ ಕುಂಕುಮ ಇಡುತ್ತೇನೆ. ಬೆಂಕಿ ಮಾತ್ರ ಹಚ್ಚುವುದಿಲ್ಲ.

ನಿಮ್ಮ ಸೊಸೆ,
ಮೌನಮ್ಮ